ಹಾರಾಟದ ಲೆಕ್ಕ: ಸ್ಥಳೀಯವೆಷ್ಟು, ದೂರದ್ದೆಷ್ಟು?

ವಿಮಾನ ಚಾಲಕನ ಅನುಭವವನ್ನು ಗಂಟೆಗಳಿಂದ ಅಳೆಯುವುದು ಲೋಕದ ರೂಢಿ. ಆದರೆ ಎಲ್ಲ ಗಂಟೆಗಳೂ ಒಂದೇ ತೂಕದವಲ್ಲ. ಪ್ರತಿಯೊಬ್ಬ ಚಾಲಕನೂ ತನ್ನ ಹಾರಾಟಗಳನ್ನು ಲಾಗ್ ಬುಕ್ ಎಂಬ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ವಿಮಾನದ ಮಾದರಿ, ಹೊರಟ ಸ್ಥಳ, ಇಳಿದ ಸ್ಥಳ, ಶಿಕ್ಷಕನು ಜೊತೆಗಿದ್ದನೋ ಇಲ್ಲವೋ, ಹಗಲೋ ಇರುಳೋ ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಇವುಗಳೊಡನೆ ಇನ್ನೊಂದು ವಿಂಗಡಣೆಯೂ ಉಂಟು. ಅದೇ ಸ್ಥಳೀಯ ಹಾರಾಟ ಮತ್ತು ಕ್ರಾಸ್ ಕಂಟ್ರಿ ಹಾರಾಟ. ಎರಡನೆಯದನ್ನು ನಾವು ಇಲ್ಲಿ ‘ದೂರ ಹಾರಾಟ’ವೆಂದು ಕರೆಯೋಣ.

ಮೊದಲು ಕಾಲದ ಲೆಕ್ಕ. ವಿಮಾನವು ನೆಲ ಬಿಟ್ಟ ಕ್ಷಣದಿಂದ ಗಡಿಯಾರವನ್ನು ನೋಡತೊಡಗುವುದಲ್ಲ. ಮೇಲೇರುವ ಉದ್ದೇಶದಿಂದ ಅದು ನಿಂತಲ್ಲಿಂದ ಕದಲಿದ ಕ್ಷಣದಿಂದ, ಇಳಿದು ಕೊನೆಗೆ ನಿಂತ ಕ್ಷಣದವರೆಗಿನ ಕಾಲವೆಲ್ಲ ಹಾರಾಟದ ಕಾಲವೇ. ಇದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ‘ದೂರ’ ಎಂಬ ಮಾತಿನಲ್ಲಿ.

ಒಂದು ಉದಾಹರಣೆಯನ್ನು ನೋಡೋಣ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನವೊಂದು ಗಂಟೆಗೆ ೧೦೦ ನಾಟಿಕಲ್ ಮೈಲಿ, ಎಂದರೆ ೧೮೫ ಕಿಲೋಮೀಟರು ವೇಗದಲ್ಲಿ ಹೊರಡುತ್ತದೆಂದು ಭಾವಿಸೋಣ. ಕನ್ನಂಬಾಡಿಯ ನೀರನ್ನು ಬಲಕ್ಕೆ ಬಿಟ್ಟು ಅದು ಕೃಷ್ಣರಾಜನಗರದ ಮೇಲೆ ಹಾಯುತ್ತದೆ. ಅಲ್ಲಿಂದ ಪಿರಿಯಾಪಟ್ಟಣಕ್ಕೆ ಹೋಗಿ, ಲಕ್ಷ್ಮಣತೀರ್ಥದ ದಂಡೆಯ ಹುಣಸೂರಿಗೆ ತಿರುಗಿ, ಹೆಗ್ಗಡದೇವನಕೋಟೆಯನ್ನು ದಾಟಿ, ಮರಳಿ ಮಂಡಕಳ್ಳಿಯಲ್ಲಿಯೇ ಇಳಿಯುತ್ತದೆ. ನಾಲ್ಕು ತಾಲ್ಲೂಕು ಕೇಂದ್ರಗಳನ್ನು ಸುತ್ತಿದ ಈ ಹಾದಿ ಸುಮಾರು ೧೫೪ ಕಿಲೋಮೀಟರು. ಹಿಡಿಯುವ ಕಾಲ ಸುಮಾರು ೫೦ ನಿಮಿಷ.

ಮತ್ತೊಂದು ದಿನ ಅದೇ ವಿಮಾನ ಮಂಡಕಳ್ಳಿಯಿಂದ ನೇರವಾಗಿ ಬೆಂಗಳೂರಿನ ಜಕ್ಕೂರಿಗೆ ಹಾರಿ ಅಲ್ಲಿ ಇಳಿಯುತ್ತದೆ. ೧೯೪೯ರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾದದ್ದು ಈ ಜಕ್ಕೂರಿನಲ್ಲಿಯೇ. ಈ ಹಾದಿ ಸುಮಾರು ೧೩೯ ಕಿಲೋಮೀಟರು, ೪೫ ನಿಮಿಷ. ಮೊದಲನೆಯದಕ್ಕಿಂತ ಇದು ಚಿಕ್ಕದು. ಆದರೂ, ಅಮೆರಿಕದ ನಿಯಮವನ್ನು ಅಳತೆಗೋಲಾಗಿ ಹಿಡಿದರೆ, ಪರವಾನಗಿಗಾಗಿ ದೂರ ಹಾರಾಟವೆಂದು ಎಣಿಕೆಯಾಗುವುದು ಎರಡನೆಯದು ಮಾತ್ರ. ಹೊರಟಲ್ಲಿಂದ ನೇರ ರೇಖೆಯಲ್ಲಿ ೫೦ ನಾಟಿಕಲ್ ಮೈಲಿಗಿಂತ, ಎಂದರೆ ಸುಮಾರು ೯೩ ಕಿಲೋಮೀಟರಿಗಿಂತ, ಹೆಚ್ಚು ದೂರದಲ್ಲಿ ವಿಮಾನ ಇಳಿದಿರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ನಮ್ಮ ನಾಲ್ಕು ಊರುಗಳಲ್ಲಿ ಅತ್ಯಂತ ದೂರದ ಪಿರಿಯಾಪಟ್ಟಣವೂ ಮಂಡಕಳ್ಳಿಯಿಂದ ೬೨ ಕಿಲೋಮೀಟರಿನಷ್ಟೆ. ಮೇಲಾಗಿ ವಿಮಾನ ಆ ಊರುಗಳಲ್ಲಿ ಎಲ್ಲಿಯೂ ಇಳಿಯಲಿಲ್ಲ.

ಹೀಗೇಕೆ? ಕಾರಣ ಗಾಳಿಯಲ್ಲಿದೆ. ಗಂಟೆಗೆ ೩೭ ಕಿಲೋಮೀಟರಿನ ಗಾಳಿ ಅಡ್ಡವಾಗಿ ಬೀಸುತ್ತಿದೆಯೆನ್ನಿ. ಚಾಲಕನು ಅದನ್ನು ಲೆಕ್ಕಿಸದೆ ಮೂತಿಯನ್ನು ಗುರಿಯ ಕಡೆಗೇ ಹಿಡಿದರೆ, ಮಂಡಕಳ್ಳಿಯಿಂದ ಹುಣಸೂರಿನವರೆಗಿನ ೧೩ ನಿಮಿಷಗಳಲ್ಲಿ ವಿಮಾನವು ಸುಮಾರು ೮ ಕಿಲೋಮೀಟರು ಪಕ್ಕಕ್ಕೆ ಸರಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಊರು ಇನ್ನೂ ಕಣ್ಣಿಗೆ ಬೀಳುತ್ತದೆ. ಹಿಂದೆ ಚಾಮುಂಡಿಬೆಟ್ಟ ದಿಕ್ಕು ತೋರುತ್ತದೆ. ಆದರೆ ಜಕ್ಕೂರಿನ ಹಾದಿಯ ೪೫ ನಿಮಿಷಗಳಲ್ಲಿ ಅದೇ ತಪ್ಪು ೨೮ ಕಿಲೋಮೀಟರಿಗೆ ಬೆಳೆಯುತ್ತದೆ. ಪರಿಚಿತ ಗುರುತುಗಳು ಮರೆಯಾಗಿರುತ್ತವೆ. ಎದುರಿಗೆ ಹಲವು ವಿಮಾನ ನಿಲ್ದಾಣಗಳ ದಟ್ಟಣೆಯ ಬೆಂಗಳೂರು. ಆದ್ದರಿಂದ ಹೊರಡುವ ಮೊದಲೇ ನಕ್ಷೆಯಲ್ಲಿ ಗೆರೆ ಎಳೆದು, ಗಾಳಿಯ ತಳ್ಳಾಟಕ್ಕೆ ತಕ್ಕಂತೆ ದಿಕ್ಕನ್ನು ತಿದ್ದಿ, ಇಂಧನವನ್ನು ಎಣಿಸಿ, ಹವೆಯ ವರದಿಯನ್ನು ಓದಿ, ಕೆಟ್ಟ ಗಳಿಗೆಗೆ ಬದಲಿ ನಿಲ್ದಾಣವೊಂದನ್ನು ಗೊತ್ತುಮಾಡಿಕೊಳ್ಳಬೇಕು. ದೂರ ಹಾರಾಟದ ಗಂಟೆ ಅಳೆಯುವುದು ಕಿಲೋಮೀಟರನ್ನಲ್ಲ, ಈ ವಿವೇಚನೆಯನ್ನು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಎಲ್ಲ ದೇಶಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಯೂರೋಪಿನ ನಿಯಮವು ದೂರದ ಅಂಕಿಯನ್ನು ಕೊಡದೆ, ಮೊದಲೇ ಯೋಜಿಸಿದ ಮಾರ್ಗದಲ್ಲಿ ಕ್ರಮಬದ್ಧವಾಗಿ ದಿಕ್ಕು ಹಿಡಿದು ಸಾಗುವುದನ್ನು ಮುಖ್ಯವಾಗಿ ಎಣಿಸುತ್ತದೆ. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಪರವಾನಗಿಗೆ ಒಟ್ಟು ೨೦೦ ಗಂಟೆಗಳ ಹಾರಾಟ ಬೇಕು. ಅದರಲ್ಲಿ ೧೦೦ ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಹಾಗೆ ಹೊಣೆ ಹೊತ್ತ ದೂರ ಹಾರಾಟ ೫೦ ಗಂಟೆ ಇರಬೇಕು. ಇವುಗಳಲ್ಲಿ ಒಂದಾದರೂ ೩೦೦ ನಾಟಿಕಲ್ ಮೈಲಿಗೆ, ಎಂದರೆ ಸುಮಾರು ೫೫೬ ಕಿಲೋಮೀಟರಿಗೆ, ಕಡಮೆಯಿಲ್ಲದ ಹಾರಾಟವಾಗಿದ್ದು, ಅದರ ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ವಿಮಾನವನ್ನು ಇಳಿಸಿ ಪೂರ್ತಿ ನಿಲ್ಲಿಸಿರಬೇಕು. ಹೊಸ ಓಟದ ಪಟ್ಟಿ, ಹೊಸ ಗಾಳಿ, ಹೊಸ ನಿಯಂತ್ರಕರ ದನಿ ಇವುಗಳ ನಡುವೆ ತಲೆ ಕೆಡಿಸಿಕೊಳ್ಳದಿರುವ ಅಭ್ಯಾಸ ಇದರಿಂದ ಬರುತ್ತದೆ.

ಲಾಗ್ ಬುಕ್ಕನ್ನು ತುಂಬುವವನು ಚಾಲಕನೇ. ಮೇಲೆ ಹಾರಿದ್ದನ್ನು ಕಂಡ ಸಾಕ್ಷಿಗಳು ಬಹಳವಿರುವುದಿಲ್ಲ. ಆದ್ದರಿಂದಲೇ ಈ ಪುಸ್ತಕದ ಬೆಲೆ ಬರೆಯುವವನ ಸತ್ಯಸಂಧತೆಯನ್ನು ಅವಲಂಬಿಸಿದೆ. ೨೦೧೧ರಲ್ಲಿ ನಮ್ಮ ದೇಶದಲ್ಲಿ ನಕಲಿ ಅಂಕಪಟ್ಟಿಗಳಿಂದಲೂ ಹಾರದ ಗಂಟೆಗಳ ದಾಖಲೆಯಿಂದಲೂ ಪರವಾನಗಿ ಪಡೆದ ಪ್ರಕರಣಗಳು ಬಯಲಿಗೆ ಬಂದವು. ಸುಳ್ಳಾಗಿ ಬರೆದ ಒಂದು ಗಂಟೆಯೆಂದರೆ ಕಲಿಯದೆ ಬಿಟ್ಟ ಒಂದು ಪಾಠ. ಮುಂದೊಂದು ದಿನ ಮೋಡ ಕವಿದು, ಗಾಳಿ ತಿರುಗಿ, ಇಂಧನ ಕಡಮೆಯಾದಾಗ ಆ ಪಾಠದ ಕೊರತೆಯನ್ನು ತುಂಬಲು ಯಾವ ಮುದ್ರೆಯಿಂದಲೂ ಆಗದು. ಅದರ ಬೆಲೆಯನ್ನು ತೆರುವವರು ಹಿಂದೆ ಕುಳಿತ ಪ್ರಯಾಣಿಕರು.

ವೈಮಾನಿಕರಾಗಬಯಸುವ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟೆ: ಯಾವ ಪರವಾನಗಿಗಾಗಿ ಲೆಕ್ಕ ಬರೆಯುತ್ತಿದ್ದೇವೆಯೋ ಆ ಪರವಾನಗಿಯ ನಿಯಮವನ್ನು ಮೊದಲು ಓದಬೇಕು, ಬಳಿಕ ಹಾರಿದ್ದನ್ನು ಹಾರಿದಷ್ಟೇ ಬರೆಯಬೇಕು. ನಾಲ್ಕು ಊರುಗಳ ಸುತ್ತು ಸ್ಥಳೀಯವೆನಿಸಿದರೆ ಅದರಿಂದ ಕುಂದೇನೂ ಇಲ್ಲ. ದೂರದ ಹಾದಿಗೆ ಕೈ ಪಳಗುವುದು ಅಲ್ಲಿಯೇ.