ಮಗುವಿನ ಮೊದಲ ಓದು

ಮಕ್ಕಳು ಮಾತು ಕಲಿಯುವ ಬಗೆ ಎಲ್ಲರೂ ಬಲ್ಲದ್ದೇ. ತೊಟ್ಟಿಲಲ್ಲಿ ಕೇಳಿ, ತೊಡೆಯ ಮೇಲೆ ತೊದಲಿ, ಅಂಗಳದಲ್ಲಿ ಆಡಿ, ಮೂರು ವರ್ಷ ತುಂಬುವ ಹೊತ್ತಿಗೆ ಮಗು ಮನೆಯವರನ್ನೇ ಮಾತಿನಲ್ಲಿ ಸೋಲಿಸತೊಡಗುತ್ತದೆ. ಇದಕ್ಕೆ ಗುರುವೂ ಬೇಡ, ಗಂಟೆಯೂ ಬೇಡ. ಓದಿನ ವಿಷಯ ಹಾಗಲ್ಲ. ಬಾಯಿಂದ ಹೊರಟು ಗಾಳಿಯಲ್ಲಿ ಅಡಗುವ ದನಿಗೂ ಕಾಗದದ ಮೇಲೆ ಕದಲದೆ ಕುಳಿತ ಗೆರೆಗೂ ಇರುವ ನಂಟು ಮಗುವಿಗೆ ತಾನಾಗಿ ಹೊಳೆಯುವುದು ಅಪರೂಪ, ಬಲ್ಲವರು ತೋರಿಸಿಕೊಡಬೇಕು. ತೋರಿಸುವವರಿಗೆ ತಾಳ್ಮೆಯಿದ್ದರೆ ಮಗುವಿಗೆ ಓದು ಒಲಿಯುತ್ತದೆ. ಇಲ್ಲವಾದರೆ ಆರನೆಯ ವಯಸ್ಸಿಗೇ "ನನಗೆ ಓದು ಬರುವುದಿಲ್ಲ" ಎಂದು ಅದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತದೆ. ಆ ತೀರ್ಪನ್ನು ಅಳಿಸುವುದು ಅಕ್ಷರ ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ಆದ್ದರಿಂದ ನಾವು ಮಗುವಿನ ತಲೆಯ ಮೇಲೆ ಹೊರಿಸುತ್ತಿರುವ ಭಾರವೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನಮ್ಮ ವರ್ಣಮಾಲೆಯಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಇಷ್ಟಕ್ಕೇ ಮುಗಿಯಲಿಲ್ಲ. ಕಾಗುಣಿತದಲ್ಲಿ ಒಂದೊಂದು ವ್ಯಂಜನಕ್ಕೂ 15 ರೂಪಗಳಂತೆ 34 ವ್ಯಂಜನಗಳಿಗೆ 510 ರೂಪಗಳಾದವು. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಓದಲು ಕಲಿಯುತ್ತಿದ್ದ ಶಾಲಾಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತಲೇ ಇರುವುದು ಕಂಡುಬಂದಿತು. ಹೀಗಿರುವಾಗ ಒಂದನೆಯ ತರಗತಿಯ ದಸರಾ ರಜೆಯೊಳಗೆ ಮಗು ಪತ್ರಿಕೆ ಓದಬೇಕೆಂದು ಆತುರಪಡುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಕೂಡ, ಅರ್ಥ ತಿಳಿದು ಓದುವ ಶಕ್ತಿಗೆ ಮೂರನೆಯ ತರಗತಿಯ ಕೊನೆಯನ್ನು ಗುರಿಯಾಗಿ ಇಟ್ಟುಕೊಂಡಿತು.

ಭಾರ ಹೆಚ್ಚಾದರೂ ನಮ್ಮ ಲಿಪಿಗೆ ಒಂದು ದೊಡ್ಡ ಗುಣವಿದೆ: ಅದು ಹೆಚ್ಚುಕಡಿಮೆ ಕೊಟ್ಟ ಮಾತಿಗೆ ತಪ್ಪುವುದಿಲ್ಲ. 'ಕ' ಎಂಬ ಅಕ್ಷರದ ಹೆಸರೂ ಕ, ಅದರ ದನಿಯೂ ಕ. ಇಂಗ್ಲಿಷಿನಲ್ಲಿ 'ಡಬ್ಲ್ಯು' ಎಂದು ಹೆಸರು ಕಲಿತ ಮಗು ಪದದೊಳಗೆ ಅದನ್ನು 'ವ' ಎಂದು ಓದಬೇಕು. ಎರಡು ಲಿಪಿಗಳನ್ನೂ ಒಟ್ಟಿಗೆ ಕಲಿಯುವ ಮಗುವಿಗೆ ಈ ಭೇದವನ್ನು ಬಿಡಿಸಿ ಹೇಳಬೇಕು. ಎರಡು ಪಾಠಗಳನ್ನೂ ಒಂದೇ ಹೊತ್ತಿನಲ್ಲಿ ಬೆರೆಸದಿದ್ದರೆ ಒಳ್ಳೆಯದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಮಗುವಾದರೆ, ಕನ್ನಡದ ಪದ ಮೊದಲು ಕಿವಿಗೆ ಪರಿಚಯವಾಗಬೇಕು; ಕಣ್ಣಿನ ಸರದಿ ಆಮೇಲೆ.

ಓದಿನ ಬಾಗಿಲು ಕಿವಿ ಎಂದರೆ ತಪ್ಪಾಗದು. ಪುಸ್ತಕ ತೆರೆಯುವ ಮುನ್ನ ಕೆಲವು ವಾರ ಮಾತಿನ ಆಟ ಆಡಿಸಿರಿ. 'ಕಮಲ' ಎನ್ನುತ್ತ ಕ, ಮ, ಲ ಎಂದು ಮೂರು ಬಾರಿ ಚಪ್ಪಾಳೆ ತಟ್ಟಿರಿ. 'ಮ' ಎಂದು ಶುರುವಾಗುವ ವಸ್ತುಗಳನ್ನು ಅಡಿಗೆಮನೆಯಲ್ಲಿ ಹುಡುಕಲು ಹೇಳಿರಿ. ಮಜ್ಜಿಗೆ, ಮಣೆ, ಮರ ಎಲ್ಲವೂ ಸಿಕ್ಕುತ್ತವೆ. ಪದವೆಂಬುದು ತುಂಡು ತುಂಡು ದನಿಗಳಿಂದ ಆದದ್ದು ಎಂಬ ತಿಳಿವು ಹೀಗೆ ಬಂದರೆ, ಒಂದೊಂದು ತುಂಡಿಗೆ ಒಂದೊಂದು ಗುರುತು ಎನ್ನುವುದು ಮಗುವಿಗೆ ಸಹಜವಾಗಿ ತೋರುತ್ತದೆ.

ಇನ್ನು ಅಕ್ಷರಗಳಿಗೆ ಬರೋಣ. ಅಕ್ಷರಾಭ್ಯಾಸದ ದಿನ ಅನೇಕ ಮನೆಗಳಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ತಟ್ಟೆಯಲ್ಲಿ 'ಶ್ರೀ' ಎಂದು ಬರೆಯಿಸುತ್ತೇವೆ. ಶುಭಕ್ಕೆ ಅದು ಸರಿ. ಪಾಠಕ್ಕಾದರೋ ಅದು ತೀರ ಮೇಲಿನ ಮೆಟ್ಟಿಲು. ಶಕಾರ, ಅದಕ್ಕೆ ರಕಾರದ ಒತ್ತು, ಸಾಲದ್ದಕ್ಕೆ ದೀರ್ಘ! ಆದರೆ ಆ ಪದ್ಧತಿಯಲ್ಲಿ ಒಂದು ಜಾಣತನವೂ ಉಂಟು: ಬೆರಳು. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. 1907ರಲ್ಲಿ ರೋಮ್ ನಗರದಲ್ಲಿ ಶಿಶುಮಂದಿರ ತೆರೆದ ಮರಿಯಾ ಮಾಂಟೆಸೊರಿ ಅವರು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದರು. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತಮ್ಮ ಪದ್ಧತಿಯಲ್ಲಿ ತರಬೇತಿ ಕೊಟ್ಟರು. ಅಕ್ಷರದ ತಿರುವು ಬೆರಳಿಗೆ ತಿಳಿದರೆ ಕಣ್ಣಿಗೂ ಬೇಗ ತಿಳಿಯುತ್ತದೆ. ದ, ಧ, ಥ ಇವುಗಳ ಮೈಕಟ್ಟು ಒಂದೇ; ಒಂದರ ಕೆಳಗೆ ಸೀಳು, ಇನ್ನೊಂದರ ಹೊಟ್ಟೆಯಲ್ಲಿ ಚುಕ್ಕೆ. ಇಂಥ ಜೋಡಿಗಳನ್ನು ಒಂದೇ ದಿನ ಕಲಿಸದಿರುವುದೇ ಲೇಸು.

ಅ ಆ ಇ ಈ ಎಂದು ಸಾಲಾಗಿ ಕಲಿಸಿದರೆ, ಸ್ವರಗಳೆಲ್ಲ ಮುಗಿದರೂ ಮಗುವಿಗೆ ಓದಲು ಪದಗಳು ಸಿಗುವುದು ಕಷ್ಟ. ತಿಂಗಳುಗಟ್ಟಲೆ ದುಡಿದು ಫಲ ಕಾಣದಿದ್ದರೆ ದೊಡ್ಡವರಿಗೇ ಬೇಸರ ಬರುತ್ತದೆ, ಮಗುವಿಗೆ ಬಾರದೆ? ಇದಕ್ಕೊಂದು ಒಳ್ಳೆಯ ದಾರಿ ನಮ್ಮ ಶಾಲೆಗಳಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯಲ್ಲಿ ಮೊದಲು ಹೇಳಿಕೊಡುವ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಅವುಗಳಿಂದ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಆದವು. ಮೊದಲ ವಾರಗಳಲ್ಲೇ ಮಗು 'ಗರಗಸ' ಎಂದು ಓದಿ ಮುಖವರಳಿಸುತ್ತದೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಈ ಅಕ್ಷರಗಳನ್ನು ದಪ್ಪವಾಗಿ ಬರೆದು, ಕತ್ತರಿಸಿ, ಜೋಡಿಸಲು ಕೊಡಬಹುದು. ಐದು ಅಕ್ಷರಗಳು ತಡವರಿಸದೆ ಬಂದ ಮೇಲೆ ಮತ್ತೆ ನಾಲ್ಕೈದು.

ಕಾಗುಣಿತಕ್ಕೂ ಇದೇ ನಿಯಮ. ಕ ಕಾ ಕಿ ಕೀ ಎಂದು ರಾಗವಾಗಿ ಹೇಳುವ ಮಗುವಿಗೆ ನಡುವಿನ ಒಂದನ್ನು ತೋರಿಸಿದರೆ, ಮೊದಲಿಂದ ಎಣಿಸಿಕೊಂಡು ಬರುವುದುಂಟು. ಅದು ನೆನಪಿನ ಬಲ, ಓದಿನ ಬಲವಲ್ಲ. ಒಂದು ವಾರ ಒಂದೇ ಗುರುತನ್ನು ಹಿಡಿಯಿರಿ. ದೀರ್ಘದ ಗುರುತು ಬಂದೊಡನೆ ದರ ದಾರವಾಗುತ್ತದೆ, ಸರ ಸಾರವಾಗುತ್ತದೆ. ಒಂದು ಗುರುತಿನಿಂದ ಅರ್ಥವೇ ಬದಲಾಗುವುದನ್ನು ಕಂಡ ಮಗು ಆ ಗುರುತನ್ನು ಕಡೆಗಣಿಸುವುದಿಲ್ಲ.

ಮಕ್ಕಳು ಹೆಚ್ಚಾಗಿ ಎಡವುವುದು ಒತ್ತಕ್ಷರದಲ್ಲಿ. ಇಲ್ಲಿ ತಪ್ಪು ಮಗುವಿನದಲ್ಲ. ಲಿಪಿಯ ದಾರಿಯೇ ಸ್ವಲ್ಪ ಸುತ್ತು. 'ಶಕ್ತಿ' ಎಂಬಲ್ಲಿ ಇಕಾರದ ದನಿ ಬರುವುದು ತಕಾರದ ನಂತರ. ಗುಡಿಸು ಕುಳಿತಿರುವುದು ಮಾತ್ರ ಕಕಾರದ ತಲೆಯ ಮೇಲೆ. ಕಂಡದ್ದನ್ನು ಕಂಡಂತೆ ಓದುವ ಮಗು 'ಶಕಿತ' ಎನ್ನುತ್ತದೆ. 'ಸೂರ್ಯ' ಎನ್ನುವಾಗ ಬಾಯಿಗೆ ಮೊದಲು ಬರುವುದು ರ್. ಕಾಗದದಲ್ಲಿ ಅರ್ಕಾವೊತ್ತು ಯಕಾರದ ಹಿಂದೆ ನಿಂತಿದೆ. ಇನ್ನು ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಮಗುವಿಗೆ ಎಲ್ಲಕ್ಕಿಂತ ಪ್ರಿಯವಾದ 'ಅಮ್ಮ'ನಲ್ಲೇ ಅಂಥದೊಂದು ಒತ್ತು ಅಡಗಿದೆ. ಆದ್ದರಿಂದ ಅಕ್ಕ, ಅಪ್ಪ ಎಂಬ ಸರಳ ಒತ್ತುಗಳಿಂದ ಹೊರಟು, ಅಮ್ಮ, ಅತ್ತೆಯರನ್ನು ದಾಟಿ, ಶಕ್ತಿ, ಸೂರ್ಯರ ಕಡೆಗೆ ಹೋಗುವುದು ಕ್ರಮ. ಮಗು 'ಶಕಿತ' ಎಂದಾಗ, "ಇಷ್ಟೂ ಬರುವುದಿಲ್ಲವೆ?" ಎನ್ನುವುದಕ್ಕಿಂತ, "ಕೆಳಗೆ ಕೂತಿರುವವರು ಯಾರು ನೋಡು ಪುಟ್ಟಾ, ಅವರನ್ನೂ ಕರೆದುಕೊಂಡು ಆಮೇಲೆ ಇ ಎನ್ನು" ಎಂದರೆ ಕೆಲಸವೂ ಆಗುತ್ತದೆ, ಕಣ್ಣೀರೂ ಉಳಿಯುತ್ತದೆ.

ತಪ್ಪು ತಿದ್ದುವ ಬಗೆಯಲ್ಲೇ ಮಗುವಿನ ಉತ್ಸಾಹದ ಅಳಿವು ಉಳಿವು ನಿಂತಿದೆ. ಮಗು ಪದದ ಮುಂದೆ ನಿಂತುಬಿಟ್ಟರೆ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಆಮೇಲೆ ಮೊದಲ ಅಕ್ಷರವನ್ನು ಮಾತ್ರ ಹೇಳಿರಿ. ಆಗಲೂ ಬಾರದಿದ್ದರೆ ಪದವನ್ನು ನೀವೇ ಓದಿ ಮುಂದೆ ಸಾಗಿರಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಗು "ಇನ್ನೂ ಸ್ವಲ್ಪ" ಎನ್ನುವಾಗಲೇ ಪುಸ್ತಕ ಮುಚ್ಚುವುದು ಜಾಣತನ. ಪಕ್ಕದ ಮನೆಯ ಮಗುವಿನ ಹೆಸರನ್ನು ಆ ಹೊತ್ತಿನಲ್ಲಿ ಎತ್ತಲೇಬೇಡಿ.

ಪಾಠವಲ್ಲದ ಓದೂ ದಿನವೂ ಇರಬೇಕು. ರಾತ್ರಿ ಮಲಗುವ ಮುನ್ನ ಅಜ್ಜಿಯೋ ತಂದೆಯೋ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಓದಿ ಹೇಳಲಿ. ಜಿ. ಪಿ. ರಾಜರತ್ನಂ ಅವರ ಶಿಶುಪದ್ಯಗಳಂಥವು ಮಗುವಿಗೆ ಮೊದಲೇ ಬಾಯಿಪಾಠವಾಗಿದ್ದರೆ, ಅಚ್ಚಾದ ಪುಟದ ಮೇಲೆ ಬೆರಳಿಟ್ಟು ಹಾಡಲು ಬಿಡಿ. ಕಿವಿ ಬಲ್ಲ ಮಾತು ಕಣ್ಣಿಗೆ ಸಿಕ್ಕಿದಾಗ ಓದು ಅರ್ಧ ದಾರಿ ತಾನೇ ಬರುತ್ತದೆ. ಮಗು ಸ್ವತಃ ಓದಲು ಕಲಿತ ಮೇಲೂ ಈ ರೂಢಿಯನ್ನು ನಿಲ್ಲಿಸಬಾರದು.

ಇಷ್ಟೆಲ್ಲ ಮಾಡಿಯೂ, ಜೊತೆಯ ಮಕ್ಕಳು ಓದುತ್ತಿರುವಾಗ ನಿಮ್ಮ ಮಗು ಎರಡು ಮೂರು ವರ್ಷಗಳಾದರೂ ಸರಳ ಪದಗಳಲ್ಲೇ ತಡವರಿಸುತ್ತಿದ್ದರೆ, ಸೋಮಾರಿ ಎಂದು ಹೊಡೆಯಬೇಡಿ. ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿರಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರಬಹುದು. ಬುದ್ಧಿ ಚುರುಕಾಗಿರುವ ಮಕ್ಕಳಲ್ಲೂ ಅದು ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಇಂಥ ಕಲಿಕೆಯ ತೊಡಕುಗಳಿಗೂ ಸ್ಥಾನ ದೊರೆತಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದನ್ನು ಬಲ್ಲ ತಜ್ಞರಿದ್ದಾರೆ. ಬೇಗ ತಿಳಿದಷ್ಟೂ ನೆರವು ಸುಲಭ.

ಈ ದಿನ ಸಂಜೆ ದೀಪ ಹಚ್ಚಿದ ಮೇಲೆ ಐದು ಚೀಟಿಗಳಲ್ಲಿ ಐದು ಅಕ್ಷರ ಬರೆದು ನೆಲದ ಮೇಲೆ ಹರಡಿರಿ. ಮಗು ಅವುಗಳನ್ನು ತಿರುವಿ ಮುರುವಿ ಜೋಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತಿರಿ. ಅದು ಕೇಳಿದಾಗ ಹೇಳಿರಿ, ಕೇಳದಿದ್ದರೆ ಸುಮ್ಮನೆ ನೋಡಿರಿ.