ಕೈಯಂತ್ರಗಳ ಬಳಕೆ ಮತ್ತು ಕಾರ್ಮಿಕರ ಮಣಿಕಟ್ಟಿನ ರಕ್ಷಣೆ

ಮದಲೂರು ಸೇರಿದಂತೆ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕಲ್ಲಿನ ಕೆಲಸ, ಗ್ರಿಲ್ ತಯಾರಿಕೆ ಹಾಗೂ ಮರಗೆಲಸಗಳಲ್ಲಿ ಗ್ರೈಂಡರ್, ಡ್ರಿಲ್ ಮತ್ತು ಬ್ರೇಕರ್‌ಗಳ ಬಳಕೆ ಇಂದು ಸಾಮಾನ್ಯವಾಗಿದೆ. ಇವುಗಳಿಂದ ಕೆಲಸದ ವೇಗ ಹೆಚ್ಚಿದಂತೆಯೇ ಮಣಿಕಟ್ಟಿನ ಮೇಲಿನ ಶ್ರಮವೂ ಹೆಚ್ಚಿದೆ. ಪಳಗಿದ ಕೆಲಸಗಾರನ ಕೈ ಸೋತರೆ ಸಣ್ಣ ಘಟಕದ ಉತ್ಪಾದನೆಯೇ ಕುಂಠಿತವಾಗುತ್ತದೆ. ಈ ಹಾನಿಯನ್ನು ತಡೆಯುವ ಉಪಾಯಗಳು ಬಹುಮಟ್ಟಿಗೆ ಮಾಲೀಕರ ಕೈಯಲ್ಲಿಯೇ ಇವೆ.

ಹಾನಿಯು ಎರಡು ಬಗೆಯದು. ಡಿಸ್ಕ್ ಅಥವಾ ಬಿಟ್ ಸಿಕ್ಕಿಕೊಂಡಾಗ ಯಂತ್ರವೇ ತಿರುಗಿ ಮಣಿಕಟ್ಟನ್ನು ಒಮ್ಮೆಲೇ ತಿರುಚುವುದು ಮೊದಲನೆಯದು. ಕಂಪನ, ಬಿಗಿಹಿಡಿತ ಮತ್ತು ಬಾಗಿದ ಮಣಿಕಟ್ಟಿನಿಂದ ವರ್ಷಗಳ ಕಾಲ ನಿಧಾನವಾಗಿ ಬೆಳೆಯುವುದು ಎರಡನೆಯದು. ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೊಡನೆ ಒಂದು ನರವೂ ಹಾದುಹೋಗುತ್ತದೆ. ಅಲ್ಲಿ ಊತವುಂಟಾದರೆ ನರವು ಒತ್ತಲ್ಪಟ್ಟು ಬೆರಳುಗಳು ಜೋಮು ಹಿಡಿಯುತ್ತವೆ. ಇದು ಹೊಸ ಸಂಗತಿಯಲ್ಲ. 1918ರಲ್ಲಿಯೇ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು ಅಮೆರಿಕದ ಇಂಡಿಯಾನಾದಲ್ಲಿ ಗಾಳಿಯೊತ್ತಡದ ಸುತ್ತಿಗೆ ಹಿಡಿಯುತ್ತಿದ್ದ ಕಲ್ಲುಕುಟಿಗರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುವುದನ್ನು ದಾಖಲಿಸಿದ್ದರು.

ಕಂಪನಕ್ಕೆ ಒಂದು ಲೆಕ್ಕವಿದೆ. ಯುರೋಪ್ ಒಕ್ಕೂಟದ 2002ರ ನಿರ್ದೇಶನದ ಪ್ರಕಾರ ಎಂಟು ಗಂಟೆಗಳ ದಿನಕ್ಕೆ ಸರಾಸರಿ ಕಂಪನವು ಸೆಕೆಂಡ್ ವರ್ಗಕ್ಕೆ 2.5 ಮೀಟರ್ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು. 5 ಮೀಟರ್ ಮೀರಲೇಬಾರದು. ಕಂಪನ ಇಮ್ಮಡಿಯಾದರೆ ಬಳಕೆಯ ಅವಧಿ ಕಾಲುಭಾಗಕ್ಕೆ ಇಳಿಯುತ್ತದೆ. 5 ಮೀಟರ್ ಕಂಪನದ ಯಂತ್ರವು ಎರಡು ಗಂಟೆಗಳಲ್ಲಿ ಮೊದಲ ಮಿತಿಯನ್ನು ಮುಟ್ಟಿದರೆ, 10 ಮೀಟರ್‌ನ ಯಂತ್ರವು ಅರ್ಧ ಗಂಟೆಯಲ್ಲಿಯೇ ಮುಟ್ಟುತ್ತದೆ. ಈ ಅಂಕಿಯು ಸಾಮಾನ್ಯವಾಗಿ ಯಂತ್ರದ ಕೈಪಿಡಿಯಲ್ಲಿರುತ್ತದೆ. ಖರೀದಿಗೆ ಮುನ್ನ ಬೆಲೆಯಂತೆ ಇದನ್ನೂ ಹೋಲಿಸಬೇಕು.

ಮೊಂಡಾದ ಬಿಟ್, ಸವೆದ ಡಿಸ್ಕ್, ಸಡಿಲಗೊಂಡ ಬೇರಿಂಗ್ ಇವು ಕಂಪನವನ್ನು ಹೆಚ್ಚಿಸುತ್ತವೆ, ಕೆಲಸವನ್ನು ಲಂಬಿಸುತ್ತವೆ, ಹಿಡಿತವನ್ನು ಬಿಗಿಗೊಳಿಸುತ್ತವೆ. ಡಿಸ್ಕಿನಲ್ಲಿ ಉಳಿಸಿದ ಹಣಕ್ಕೆ ಮಣಿಕಟ್ಟು ಬೆಲೆ ತೆರುತ್ತದೆ. ಆದುದರಿಂದ ಅವುಗಳನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಗ್ರೈಂಡರಿನ ಪಕ್ಕದ ಹಿಡಿಯನ್ನು ಕಳಚಿಡದೆ ಎರಡೂ ಕೈಗಳಿಂದ ಹಿಡಿಯಬೇಕು. ಡಿಸ್ಕಿನ ನಿಗದಿತ ವೇಗವು ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ವಸ್ತುವನ್ನು ನೆಲದ ಮೇಲಿಡುವ ಬದಲು ಸೊಂಟದ ಎತ್ತರದ ಮೇಜಿಗೆ ಬಿಗಿದರೆ ಮಣಿಕಟ್ಟು ನೇರವಾಗಿರುತ್ತದೆ. ಗಂಟೆಗೊಮ್ಮೆ ಕೆಲಸವನ್ನು ಬದಲಿಸಿ ಹಂಚುವುದು ಹಿತಕರ. ಕೈಗವಸು ಕೈಯನ್ನು ಬೆಚ್ಚಗಿಡುವುದಾದರೂ ಕಂಪನವನ್ನು ತಡೆಯುವುದೆಂದು ಅದನ್ನೇ ನಂಬುವಂತಿಲ್ಲ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲು ತೊಡಕಾಗುವುದು ಮೊದಲ ಸೂಚನೆಗಳು. ದಿನಗೂಲಿ ತಪ್ಪೀತೆಂಬ ಭಯದಿಂದ ಕಾರ್ಮಿಕರು ಇವನ್ನು ಮರೆಮಾಚುವುದುಂಟು. ನೋವು ಹೇಳಿಕೊಂಡವನಿಗೆ ಕೂಲಿ ಕಡಿತವಿಲ್ಲದೆ ಬೇರೆ ಕೆಲಸ ಕೊಟ್ಟು ವೈದ್ಯರಲ್ಲಿಗೆ ಕಳುಹಿಸಿದರೆ, ಮಿಕ್ಕವರೂ ಸಕಾಲದಲ್ಲಿ ಬಾಯಿ ಬಿಡುತ್ತಾರೆ.