ಹೆಸರುಂಟು, ಸಿಗುವುದಿಲ್ಲ!

ಲಿನಕ್ಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುವ ಮಿತ್ರರು ಒಂದಲ್ಲ ಒಂದು ದಿನ ಈ ತೊಡಕಿಗೆ ಸಿಕ್ಕಿಬೀಳುತ್ತಾರೆ. ಪ್ರೋಗ್ರಾಮಿನಲ್ಲಿ 'ಲೆಕ್ಕ' ಎಂಬ ಫಂಕ್ಷನ್ ಇದೆ ಎನ್ನಿ. ಪ್ರೋಗ್ರಾಂ ಓಡುತ್ತಿರುವಾಗಲೇ ಹೆಸರು ಕೊಟ್ಟು ಅದರ ವಿಳಾಸ ಹುಡುಕಿಕೊಡುವವನು 'ಡಿಎಲ್‌ಸಿಮ್'. ಕೇಳಿದರೆ 'ನಲ್' ಅಂತ ಕೈ ಆಡಿಸಿಬಿಡುತ್ತಾನೆ. ಅರೆ, 'ಎನ್‌ಎಂ' ಆಜ್ಞೆ ಕೊಟ್ಟು ನೋಡಿದರೆ ಹೆಸರು ಕಣ್ಣೆದುರಿಗೇ ಇದೆಯಲ್ಲ!

ಲಿನಕ್ಸ್ ಬಳಸುವ ಇಎಲ್‌ಎಫ್ ಮಾದರಿಯ ಫೈಲಿನಲ್ಲಿ ಹೆಸರಿನ ಪಟ್ಟಿ ಒಂದಲ್ಲ, ಎರಡು. ಮುಂಬಯಿಯ ಒಂದು ಹೌಸಿಂಗ್ ಸೊಸೈಟಿ ನೆನೆದುಕೊಳ್ಳಿ. ಆಫೀಸಿನ ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಉಂಟು. ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಬರೆಸಿಕೊಂಡವರದು ಮಾತ್ರ. ಪೋಸ್ಟ್‌ಮ್ಯಾನ್ ಬೋರ್ಡು ನೋಡುತ್ತಾನೆಯೇ ಹೊರತು ರಿಜಿಸ್ಟರ್ ತೆಗೆಸುತ್ತಾ ಕೂರುವುದಿಲ್ಲ. 'ಸಿಮ್‌ಟ್ಯಾಬ್' ಎಂಬುದು ಆ ರಿಜಿಸ್ಟರು. 'ಸ್ಟ್ರಿಪ್' ಮಾಡಿದರೆ ಅದು ಹೊರಟೇ ಹೋಗುತ್ತದೆ. 'ಡೈನ್‌ಸಿಮ್' ಎಂಬುದು ಬೋರ್ಡು. ಡಿಎಲ್‌ಸಿಮ್ ಓದುವುದು ಇದನ್ನೇ. ಎನ್‌ಎಂ ಜೊತೆ ಮೈನಸ್ ಹಾಕಿ ದೊಡ್ಡಕ್ಷರದ 'ಡಿ' ಕೊಟ್ಟರೆ ಬೋರ್ಡಿನ ಪಟ್ಟಿ ಕಾಣುತ್ತದೆ, ನಿಮ್ಮ 'ಲೆಕ್ಕ' ಅಲ್ಲಿರುವುದಿಲ್ಲ.

ಶೇರ್ಡ್ ಲೈಬ್ರರಿಯಾದರೆ ಲಿಂಕರ್ ತಾನಾಗಿಯೇ ಗ್ಲೋಬಲ್ ಹೆಸರುಗಳನ್ನು ಬೋರ್ಡಿಗೆ ಏರಿಸುತ್ತದೆ. ಎಕ್ಸಿಕ್ಯೂಟಬಲ್ ವಿಷಯದಲ್ಲಿ ಮಾತ್ರ, ಇದನ್ನು ಹೊರಗಿನಿಂದ ಯಾರು ಕೇಳಿಯಾರು ಎಂಬ ಧೋರಣೆ. ಆದರೆ ಕೇಳುವವರಿದ್ದಾರೆ! ಆಮೇಲೆ ಬಂದು ಸೇರುವ ಪ್ಲಗಿನ್ನುಗಳು ಮೂಲ ಪ್ರೋಗ್ರಾಮಿನ ಫಂಕ್ಷನ್‌ಗಳನ್ನೇ ಕರೆಯುತ್ತವೆ. ಹೆಸರು ಸಿಗದಿದ್ದರೆ 'ಅನ್‌ಡಿಫೈನ್ಡ್ ಸಿಂಬಲ್' ಎಂದು ಅಲ್ಲೇ ಮುಗ್ಗರಿಸುತ್ತವೆ. ಲುವಾ ಭಾಷೆಯ ಇಂಟರ್‌ಪ್ರಿಟರನ್ನು ಲಿನಕ್ಸ್‌ಗೆ ಕಟ್ಟುವಾಗ ಹೆಸರುಗಳನ್ನು ಬೋರ್ಡಿಗೆ ಏರಿಸುವ ಆಪ್ಷನ್ ಕೊಟ್ಟಿರುವುದು ಇದಕ್ಕಾಗಿಯೇ.

ನಾವು ಮಾಡಬೇಕಾದ್ದು ಇಷ್ಟೆ: ಜಿಸಿಸಿಗೆ 'ಮೈನಸ್ ಆರ್‌ಡೈನಾಮಿಕ್' ಕೊಡುವುದು. ಕಂಪೈಲ್ ಮಾಡುವಾಗಷ್ಟೇ ಕೊಟ್ಟರೆ ಏನೂ ಉಪಯೋಗವಿಲ್ಲ, ಲಿಂಕ್ ಮಾಡುವಾಗ ಕೊಡಬೇಕು. 'ಸ್ಟ್ಯಾಟಿಕ್' ಎಂದು ಬರೆದ ಫಂಕ್ಷನ್‌ಗಳು ಆಗಲೂ ಬೋರ್ಡಿಗೆ ಬರುವುದಿಲ್ಲ.

ಹಾಗಂತ ಎಲ್ಲರ ಹೆಸರನ್ನೂ ಬೋರ್ಡಿಗೆ ಏರಿಸುವುದು ನನಗೇನೋ ಸರಿ ಕಾಣುವುದಿಲ್ಲ. ಹುಡುಕಾಟ ಸಾಮಾನ್ಯವಾಗಿ ಮೂಲ ಪ್ರೋಗ್ರಾಮಿನಿಂದಲೇ ಶುರುವಾಗುತ್ತದೆ. ನಿಮ್ಮಲ್ಲೊಂದು 'ಇನಿಟ್', ಪ್ಲಗಿನ್ನಿನಲ್ಲೊಂದು ಗ್ಲೋಬಲ್ 'ಇನಿಟ್' ಇದ್ದರೆ, ಪ್ಲಗಿನ್ ತನ್ನದನ್ನೇ ಕರೆದೆನೆಂದುಕೊಂಡು ನಿಮ್ಮದನ್ನು ಕರೆದೀತು. ಆಗ ತಪ್ಪು ಹುಡುಕುವುದೆಂದರೆ ಒಂದು ರಾತ್ರಿಯ ನಿದ್ದೆ ಹೋಯಿತೆಂದೇ ಲೆಕ್ಕ! ಬೇಕಾದ ಹೆಸರುಗಳನ್ನಷ್ಟೇ ಒಂದು ಫೈಲಿನಲ್ಲಿ ಬರೆದು 'ಡೈನಾಮಿಕ್ ಲಿಸ್ಟ್' ಆಪ್ಷನ್ನಿನ ಮೂಲಕ ಲಿಂಕರಿಗೆ ಕೊಡುವುದು ಮೇಲು.

ಸಿ ಪ್ಲಸ್ ಪ್ಲಸ್‌ನವರಿಗೆ ಇನ್ನೊಂದು ಮಾತು. ಅಲ್ಲಿ ಕಂಪೈಲರ್ ಹೆಸರಿಗೆ ಬಾಲ ಕೊಂಬು ಹಚ್ಚಿಬಿಡುವುದರಿಂದ, ಫಂಕ್ಷನ್ನಿನ ಮುಂದೆ 'ಎಕ್ಸ್‌ಟರ್ನ್ ಸಿ' ಎಂದು ಬರೆಯದಿದ್ದರೆ 'ಲೆಕ್ಕ' ಎಂದು ಕೇಳಿದಾಗ ಬೋರ್ಡಿನಲ್ಲಿದ್ದರೂ ಸಿಗದು.